ಪ್ರೇಕ್ಷಕನಿಗಾಗಿ ಪೈಪೋಟಿ, ಕೆಲಸಗಾರನ ವಿಷಯದಲ್ಲಿ ಒಳಒಪ್ಪಂದ

ಪ್ರತಿಸ್ಪರ್ಧಿ ಎಂದೊಡನೆ ವ್ಯಾಪಾರಿಯ ಕಣ್ಣಮುಂದೆ ಬರುವುದು ತನ್ನ ಗಿರಾಕಿಯನ್ನು ಸೆಳೆದುಕೊಳ್ಳುವವನು. ಆದರೆ ಒಂದೇ ಬಗೆಯ ಸರಕನ್ನು ತಯಾರಿಸುವ ಇಬ್ಬರು ಉದ್ಯಮಿಗಳು ಎರಡು ಪೇಟೆಗಳಲ್ಲಿ ಏಕಕಾಲಕ್ಕೆ ಎದುರಾಳಿಗಳಾಗಿರುತ್ತಾರೆ. ಸರಕು ಮಾರುವ ಪೇಟೆ ಒಂದಾದರೆ, ಕುಶಲ ಕೆಲಸಗಾರರನ್ನು ನೇಮಿಸಿಕೊಳ್ಳುವ ಪೇಟೆ ಇನ್ನೊಂದು. ಮೊದಲನೆಯದರಲ್ಲಿ ಕೂಟ ಕಟ್ಟಿಕೊಂಡು ಬೆಲೆ ನಿಗದಿಪಡಿಸುವುದು ತಪ್ಪೆಂದು ಒಪ್ಪುವ ನಾವು, ಎರಡನೆಯದರಲ್ಲಿ ಮಾತ್ರ 'ನಮ್ಮ ಹುಡುಗರನ್ನು ನೀವು ಕರೆಯಬೇಡಿ, ನಿಮ್ಮವರನ್ನು ನಾವು ಕರೆಯುವುದಿಲ್ಲ' ಎಂಬ ಮಾತನ್ನು ಸಜ್ಜನಿಕೆಯೆಂದೇ ಭಾವಿಸುತ್ತೇವೆ. ಕೈಗಾರಿಕಾ ವಸಾಹತುಗಳಲ್ಲಿ ಟರ್ನರ್, ಫಿಟ್ಟರ್, ವೆಲ್ಡರ್‌ಗಳ ವಿಷಯದಲ್ಲಿ ಇಂಥ ಮಾತು ಎಷ್ಟು ಸಾಮಾನ್ಯವೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ.

ಇದು ಸಜ್ಜನಿಕೆಯೂ ಅಲ್ಲ, ಲಾಭದಾಯಕವೂ ಅಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇದನ್ನು ವಿವರಿಸಲು ಅಮೆರಿಕದ ಅನಿಮೇಷನ್ ಸ್ಟುಡಿಯೋಗಳಿಗಿಂತ ಉತ್ತಮ ನಿದರ್ಶನ ನನಗೆ ಕಂಡಿಲ್ಲ. ಆ ಉದ್ಯಮದಲ್ಲಿ ಕಚ್ಚಾಮಾಲು ಎಂಬುದು ಇಲ್ಲವೆನ್ನುವಷ್ಟು ಕಡಿಮೆ. ವೆಚ್ಚದ ಸಿಂಹಪಾಲು ಸಂಬಳದ್ದೇ. ಅಲ್ಲದೆ ಅವರ ಒಳವ್ಯವಹಾರಗಳು ನ್ಯಾಯಾಲಯದ ಕಡತಗಳ ಮೂಲಕ ಬೆಳಕಿಗೆ ಬಂದಿವೆ.

ಮೊದಲಿಗೆ ವಾಲ್ಟ್ ಡಿಸ್ನಿಯವರ ಸಂಸ್ಥೆಯನ್ನೇ ನೋಡೋಣ. 1937ರ 'ಸ್ನೋ ವೈಟ್' ಚಿತ್ರದ ಅಪಾರ ಗಳಿಕೆಯಿಂದ ಬರ್‌ಬ್ಯಾಂಕ್‌ನಲ್ಲಿ ಹೊಸ ಸ್ಟುಡಿಯೋ ತಲೆಯೆತ್ತಿತು. 1940ರ ಎರಡು ದೊಡ್ಡ ಚಿತ್ರಗಳು, ಯುದ್ಧದಿಂದಾಗಿ ಯುರೋಪಿನ ಮಾರುಕಟ್ಟೆ ಮುಚ್ಚಿದ್ದರಿಂದ, ಹಾಕಿದ ಬಂಡವಾಳವನ್ನು ಹಿಂದಿರುಗಿಸಲಿಲ್ಲ. ಒಂದೇ ಕಟ್ಟಡದೊಳಗೆ ವಾರಕ್ಕೆ 300 ಡಾಲರ್ ಪಡೆಯುವ ಕಲಾವಿದರೂ ಇದ್ದರು, 20 ಡಾಲರನ್ನೂ ಕಾಣದವರೂ ಇದ್ದರು. ಸಂಘ ಕಟ್ಟಲು ಮುಂದಾದ ಹಿರಿಯ ಕಲಾವಿದ ಆರ್ಟ್ ಬ್ಯಾಬಿಟ್ ಅವರನ್ನು ಕೆಲಸದಿಂದ ತೆಗೆದುಹಾಕಿದ ಮರುದಿನ, 1941ರ ಮೇ 29ರಂದು, ಮುಷ್ಕರ ಆರಂಭವಾಯಿತು. ಸರ್ಕಾರದ ಮಧ್ಯಸ್ಥಿಕೆಯ ನಂತರ ಸಂಸ್ಥೆ ಸಂಘವನ್ನು ಮಾನ್ಯ ಮಾಡಲೇಬೇಕಾಯಿತು.

ವ್ಯಾಪಾರಿಯ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದುದು ಆನಂತರ ನಡೆಯಿತು. ಮುಷ್ಕರದ ಬಳಿಕ ಹೊರಬಿದ್ದ ಕಲಾವಿದರಲ್ಲಿ ಕೆಲವರು 1943ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. ಮುಂದೆ ಯುಪಿಎ ಎಂದು ಹೆಸರಾದ ಆ ಸ್ಟುಡಿಯೋ, ಡಿಸ್ನಿಯ ಶೈಲಿಗೆ ನೇರ ವಿರುದ್ಧವಾದ ಸರಳ ರೇಖೆಗಳ, ಕಡಿಮೆ ಖರ್ಚಿನ ಚಿತ್ರಗಳಿಂದ ಆಸ್ಕರ್ ಗಳಿಸಿತು. ಇಂತಹ ಪ್ರಸಂಗ ಮತ್ತೆ ಮತ್ತೆ ಮರುಕಳಿಸಿದೆ. 1979ರಲ್ಲಿ ಡಾನ್ ಬ್ಲೂತ್ ಎಂಬ ಕಲಾವಿದರು ಸುಮಾರು ಒಂದು ಡಜನ್ ಸಹೋದ್ಯೋಗಿಗಳೊಡನೆ ಡಿಸ್ನಿಯನ್ನು ತೊರೆದರು. 1986ರಲ್ಲಿ ಅವರ 'ಆನ್ ಅಮೆರಿಕನ್ ಟೇಲ್' ಚಿತ್ರ, ಅದೇ ವರ್ಷದ ಡಿಸ್ನಿ ಅನಿಮೇಷನ್ ಚಿತ್ರವನ್ನು ಅಮೆರಿಕದ ಗಳಿಕೆಯಲ್ಲಿ ಹಿಂದಿಕ್ಕಿತು. 1980ರ ದಶಕದ ಆರಂಭದಲ್ಲಿ ಡಿಸ್ನಿ ಕೆಲಸದಿಂದ ತೆಗೆದ ಜಾನ್ ಲ್ಯಾಸೆಟರ್, ಲ್ಯೂಕಾಸ್‌ಫಿಲ್ಮ್‌ನ ಕಂಪ್ಯೂಟರ್ ವಿಭಾಗ ಸೇರಿದರು. 1986ರಲ್ಲಿ ಸ್ಟೀವ್ ಜಾಬ್ಸ್ ಆ ವಿಭಾಗವನ್ನು ಕೊಂಡಾಗ ಅದು ಪಿಕ್ಸಾರ್ ಆಯಿತು, 1995ರಲ್ಲಿ 'ಟಾಯ್ ಸ್ಟೋರಿ' ಬಂದಿತು, 2006ರಲ್ಲಿ ಅದೇ ಪಿಕ್ಸಾರ್ ಸಂಸ್ಥೆಯನ್ನು ಡಿಸ್ನಿ ಸುಮಾರು 740 ಕೋಟಿ ಡಾಲರ್ ಮೌಲ್ಯದ ಷೇರುಗಳನ್ನು ಕೊಟ್ಟು ಖರೀದಿಸಿತು. ಆ ಬೆಲೆಯ ಬಹುಭಾಗ ಲೆಕ್ಕಪತ್ರದಲ್ಲಿ ಕುಳಿತದ್ದು ಗುಡ್‌ವಿಲ್ ಎಂಬ ತಲೆಬರಹದ ಕೆಳಗೆ. ಒಬ್ಬ ನೌಕರನ ಸಂಬಳ ಉಳಿಸಿದ್ದರ ಫಲವೆಂದು ಅಷ್ಟೂ ಮೊತ್ತವನ್ನು ಹೇಳುವುದು ಅತಿಶಯೋಕ್ತಿಯಾದೀತು; ಆದರೆ ನಮ್ಮ ಆಸ್ತಿ-ಹೊಣೆ ಪಟ್ಟಿಯಲ್ಲಿ ಲೇತ್ ಯಂತ್ರಕ್ಕೆ ಸವಕಳಿ ಕಳೆದ ಮೌಲ್ಯವನ್ನು ಪೈಸೆಯ ತನಕ ಬರೆಯುವ ನಾವು, ಅದನ್ನು ನಡೆಸುವವನ ನೈಪುಣ್ಯಕ್ಕೆ ಒಂದು ಸಾಲನ್ನೂ ಇಡುವುದಿಲ್ಲ ಎಂಬುದು ನಿಜ. ಲೆಕ್ಕಪದ್ಧತಿಯ ನಿಯಮವೇ ಹಾಗಿದೆ, ನಮ್ಮ ವೃತ್ತಿಬಾಂಧವರ ದೋಷವಲ್ಲ.

1994ರಲ್ಲಿ ಡಿಸ್ನಿಯ ಚಲನಚಿತ್ರ ವಿಭಾಗದ ಮುಖ್ಯಸ್ಥರಾಗಿದ್ದ ಜೆಫ್ರಿ ಕ್ಯಾಟ್ಜೆನ್‌ಬರ್ಗ್ ಹೊರನಡೆದು, ಸ್ಪೀಲ್‌ಬರ್ಗ್ ಮತ್ತು ಗೆಫೆನ್ ಅವರೊಡನೆ ಡ್ರೀಮ್‌ವರ್ಕ್ಸ್ ಸ್ಥಾಪಿಸಿದರು. 'ಲಯನ್ ಕಿಂಗ್' ತೆರೆಕಂಡ ವರ್ಷವದು. ಹೊಸ ಸಂಸ್ಥೆ ಹಳೆಯ ಸಂಸ್ಥೆಯ ಕಲಾವಿದರಿಗೆ ಹೆಚ್ಚಿನ ಸಂಬಳದ ಆಹ್ವಾನ ಕಳುಹಿಸಿತು, ಹಳೆಯದು ಅವರನ್ನು ಉಳಿಸಿಕೊಳ್ಳಲು ಸಂಬಳ ಏರಿಸಿತು. ಚಿತ್ರಕಾರರು ವಕೀಲರನ್ನು ಇಟ್ಟುಕೊಂಡು ವೇತನದ ಮಾತುಕತೆ ನಡೆಸಿದ ಕಾಲ ಅದು. 1998ರಲ್ಲಿ ಡ್ರೀಮ್‌ವರ್ಕ್ಸ್ ಇರುವೆಗಳ ಕುರಿತು 'ಆಂಟ್ಸ್' ಬಿಡುಗಡೆ ಮಾಡಿದ ಮರುತಿಂಗಳೇ ಪಿಕ್ಸಾರ್ ಇರುವೆಗಳದೇ ಕಥೆಯಾದ 'ಎ ಬಗ್ಸ್ ಲೈಫ್' ತಂದಿತು. ಪೈಪೋಟಿ ಎಂದರೆ ಹೀಗಿರಬೇಕು ಎನ್ನುವಷ್ಟು ತೀವ್ರ.

ಆದರೆ ತೆರೆಯ ಹಿಂದೆ ಬೇರೆಯೇ ವ್ಯವಹಾರವಿತ್ತು. ಅಮೆರಿಕದ ನ್ಯಾಯ ಇಲಾಖೆ 2010ರ ಸೆಪ್ಟೆಂಬರ್‌ನಲ್ಲಿ ಪಿಕ್ಸಾರ್ ಮತ್ತು ಐದು ತಂತ್ರಜ್ಞಾನ ಸಂಸ್ಥೆಗಳ ಮೇಲೆ, ಡಿಸೆಂಬರ್‌ನಲ್ಲಿ ಲ್ಯೂಕಾಸ್‌ಫಿಲ್ಮ್ ಮೇಲೆ ದಾವೆ ಹೂಡಿತು. ಲ್ಯೂಕಾಸ್‌ಫಿಲ್ಮ್ ಮತ್ತು ಪಿಕ್ಸಾರ್ ನಡುವಣ ಒಪ್ಪಂದಕ್ಕೆ ಮೂರು ಅಂಶಗಳಿದ್ದವೆಂದು ಇಲಾಖೆ ವಿವರಿಸಿದೆ. ಪರಸ್ಪರರ ನೌಕರರನ್ನು ತಾವಾಗಿ ಸಂಪರ್ಕಿಸಕೂಡದು. ಎದುರು ಸಂಸ್ಥೆಯ ನೌಕರನಿಗೆ ಕೆಲಸ ಕೊಡಲು ಮುಂದಾದರೆ ಆ ಸಂಸ್ಥೆಗೆ ತಿಳಿಸಬೇಕು. ಒಮ್ಮೆ ಹೇಳಿದ ಸಂಬಳಕ್ಕಿಂತ ಹೆಚ್ಚಿಗೆ ಹೇಳಿ ಹರಾಜಿಗೆ ಇಳಿಯಕೂಡದು. ಮೂರನೆಯ ಅಂಶವನ್ನು ವ್ಯಾಪಾರಿಗಳು ಗಮನವಿಟ್ಟು ಓದಬೇಕು. ನೌಕರನು ತಾನಾಗಿಯೇ ಅರ್ಜಿ ಹಾಕಿಕೊಂಡು ಬಂದರೂ ಅವನ ಬೆಲೆ ಏರದಂತೆ ಮಾಡಿದ ಏರ್ಪಾಡು ಅದು, ಮತ್ತು ತನ್ನ ಬಗ್ಗೆ ಇಂಥ ಮಾತುಕತೆ ನಡೆದಿದೆಯೆಂಬುದು ಅವನಿಗೆ ತಿಳಿದಿರಲಿಲ್ಲ.

2014ರಲ್ಲಿ ಅನಿಮೇಷನ್ ಕಲಾವಿದರೇ ಮುಂದೆ ಬಂದು ಸಾಮೂಹಿಕ ದಾವೆ ಹೂಡಿದರು. ಡಿಸ್ನಿ, ಪಿಕ್ಸಾರ್, ಡ್ರೀಮ್‌ವರ್ಕ್ಸ್, ಸೋನಿ, ಬ್ಲೂ ಸ್ಕೈ ಮೊದಲಾದವು ಪರಸ್ಪರರ ನೌಕರರನ್ನು ಸೆಳೆಯದಿರಲು ಒಪ್ಪಿದ್ದವಷ್ಟೇ ಅಲ್ಲ, ವೇತನ ಶ್ರೇಣಿಯ ಮಾಹಿತಿಯನ್ನೂ ಹಂಚಿಕೊಂಡಿದ್ದವು ಎಂಬುದು ಅವರ ಆರೋಪ. ಸಂಸ್ಥೆಗಳು ತಪ್ಪೊಪ್ಪಿಕೊಳ್ಳದೆ ರಾಜಿಗೆ ಬಂದವು. ಬ್ಲೂ ಸ್ಕೈ 59.5 ಲಕ್ಷ, ಸೋನಿ 1.3 ಕೋಟಿ, ಡ್ರೀಮ್‌ವರ್ಕ್ಸ್ 5 ಕೋಟಿ, ಡಿಸ್ನಿ ಬಳಗ 10 ಕೋಟಿ ಡಾಲರ್. ಒಟ್ಟು ಸುಮಾರು 16.9 ಕೋಟಿ ಡಾಲರ್. 2017ರಲ್ಲಿ ಇತ್ಯರ್ಥ ಪೂರ್ಣಗೊಂಡಾಗಿನ ವಿನಿಮಯ ದರದಲ್ಲಿ ಸಾವಿರ ಕೋಟಿ ರೂಪಾಯಿಗೂ ಮಿಗಿಲು.

ಇಲ್ಲಿ ಲೆಕ್ಕಿಗನಾಗಿ ನಾನು ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಈ ಮೊತ್ತವನ್ನು ಸುಮಾರು 10 ಸಾವಿರ ನೌಕರರಿಗೆ ಭಾಗಿಸಿದರೆ, ವಕೀಲರ ಶುಲ್ಕ ಕಳೆಯುವ ಮೊದಲು, ತಲಾ 17 ಸಾವಿರ ಡಾಲರ್ ಆಸುಪಾಸು ಬರುತ್ತದೆ. ಹಲವು ವರ್ಷಗಳ ವೇತನ ನಷ್ಟಕ್ಕೆ ಇದೇನೂ ಭಾರಿ ಪರಿಹಾರವಲ್ಲ. ಆದ್ದರಿಂದ ದಂಡ ತೆರಬೇಕಾದೀತೆಂಬ ಭಯವೊಂದನ್ನೇ ಮುಂದಿಟ್ಟು ವಾದಿಸಿದರೆ ಚತುರ ವ್ಯಾಪಾರಿಯೊಬ್ಬ, 'ಉಳಿತಾಯ ಅದಕ್ಕಿಂತ ಹೆಚ್ಚಲ್ಲವೇ ಸ್ವಾಮಿ?' ಎಂದು ಕೇಳಿಯಾನು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ದಂಡದ ಮೊತ್ತದಲ್ಲಿ ಅಲ್ಲ, ಪೈಪೋಟಿಯ ಸ್ವರೂಪದಲ್ಲಿ ಹುಡುಕಬೇಕು. ಎದುರಾಳಿಗಳೆಲ್ಲರೂ ಸೇರಿ ಸಂಬಳವನ್ನು ತಗ್ಗಿಸಿದರೆ ಎಲ್ಲರ ವೆಚ್ಚವೂ ಒಂದೇ ಪ್ರಮಾಣದಲ್ಲಿ ತಗ್ಗುತ್ತದೆ, ಆದ್ದರಿಂದ ಒಬ್ಬನಿಗೆ ಇನ್ನೊಬ್ಬನ ಮೇಲೆ ಯಾವ ಮೇಲುಗೈಯೂ ದೊರೆಯುವುದಿಲ್ಲ. ಕೂಟದ ಹೊರಗಿನಿಂದ ಬರುವವನ ಮುಂದೆಯಂತೂ ಅದು ಕಾಗದದ ಕೋಟೆ.

ಹಾಗೆ ಹೊರಗಿನಿಂದ ಬಂದದ್ದು ಇಲ್ಯುಮಿನೇಷನ್. 2007ರಲ್ಲಿ ಕ್ರಿಸ್ ಮೆಲಡಾಂಡ್ರಿ ಸ್ಥಾಪಿಸಿದ ಈ ಸಂಸ್ಥೆ ಅಮೆರಿಕದಲ್ಲಿ ಚಿಕ್ಕ ಕಚೇರಿಯಿಟ್ಟು, ಚಿತ್ರಣದ ಕೆಲಸವನ್ನು ಪ್ಯಾರಿಸಿನ ಸ್ಟುಡಿಯೋದಲ್ಲಿ ಮಾಡಿಸಿತು. 2010ರ 'ಡೆಸ್ಪಿಕಬಲ್ ಮಿ' ಸುಮಾರು 6.9 ಕೋಟಿ ಡಾಲರ್‌ಗಳಲ್ಲಿ ತಯಾರಾಗಿ ಜಗತ್ತಿನಾದ್ಯಂತ 54 ಕೋಟಿ ಗಳಿಸಿತು. ಅದೇ ವರ್ಷ ಪಿಕ್ಸಾರ್‌ನ 'ಟಾಯ್ ಸ್ಟೋರಿ 3'ಕ್ಕೆ ಸುಮಾರು 20 ಕೋಟಿ ವೆಚ್ಚ, 106 ಕೋಟಿ ಗಳಿಕೆ. ಒಟ್ಟು ಗಳಿಕೆಯಲ್ಲಿ ಪಿಕ್ಸಾರ್ ಮುಂದು. ಹಾಕಿದ ಪ್ರತಿ ಡಾಲರಿಗೆ ಬಂದ ಗಳಿಕೆಯಲ್ಲಿ ಇಲ್ಯುಮಿನೇಷನ್ ಮುಂದು, ಒಂದಕ್ಕೆ ಹೆಚ್ಚುಕಡಿಮೆ ಎಂಟು. ಹಳೆಯ ಸ್ಟುಡಿಯೋಗಳು ತಮ್ಮೊಳಗೆ ಮಾಡಿಕೊಂಡ ಒಪ್ಪಂದದಿಂದ ಈ ಎದುರಾಳಿಯನ್ನು ತಡೆಯಲು ಏನೂ ಸಹಾಯವಾಗಲಿಲ್ಲ. ಡ್ರೀಮ್‌ವರ್ಕ್ಸ್ 2015ರ ಜನವರಿಯಲ್ಲಿ ಸುಮಾರು 500 ಹುದ್ದೆಗಳನ್ನು ಕಡಿತಗೊಳಿಸಿತು. ಮರುವರ್ಷ ಇಲ್ಯುಮಿನೇಷನ್‌ನ ಬೆನ್ನಿಗಿದ್ದ ಯೂನಿವರ್ಸಲ್ ಬಳಗವೇ ಅದನ್ನು 380 ಕೋಟಿ ಡಾಲರಿಗೆ ಕೊಂಡಿತು. 'ಐಸ್ ಏಜ್' ಖ್ಯಾತಿಯ ಬ್ಲೂ ಸ್ಕೈ, ಫಾಕ್ಸ್ ಸಂಸ್ಥೆಯ ಜೊತೆಯಲ್ಲಿ 2019ರಲ್ಲಿ ಡಿಸ್ನಿಯ ಪಾಲಾಗಿ 2021ರಲ್ಲಿ ಮುಚ್ಚಿತು. ಅದೇ ಮೊಕದ್ದಮೆಯಲ್ಲಿ ಜೊತೆಗೆ ನಿಂತ ಪ್ರತಿವಾದಿಯೇ ಅದರ ಬಾಗಿಲಿಗೆ ಬೀಗ ಹಾಕಿದ್ದು.

ಹಾಗಾದರೆ ಇವುಗಳಲ್ಲಿ ಒಳ್ಳೆಯ ಮಾಲೀಕ ಯಾರು ಎಂದು ಕೇಳಿದರೆ ಉತ್ತರ ಸುಲಭವಲ್ಲ. ಡ್ರೀಮ್‌ವರ್ಕ್ಸ್ ಗ್ಲೆಂಡೇಲ್‌ನಲ್ಲಿ ಉಚಿತ ಊಟ ಕೊಡುತ್ತಿತ್ತು, ಹಲವು ವರ್ಷ ಫಾರ್ಚೂನ್ ಪತ್ರಿಕೆಯ ಉತ್ತಮ ಉದ್ಯೋಗದಾತರ ಪಟ್ಟಿಯಲ್ಲಿತ್ತು. ಪಿಕ್ಸಾರ್ ಒಳಗೇ ತರಬೇತಿ ಶಾಲೆ ನಡೆಸಿ, ಚಿತ್ರದಿಂದ ಚಿತ್ರಕ್ಕೆ ಕಲಾವಿದರನ್ನು ಕಾಯಂ ಸಂಬಳದಲ್ಲಿ ಉಳಿಸಿಕೊಂಡಿತು. ಆದರೂ 2024ರ ಮೇ ತಿಂಗಳಿನಲ್ಲಿ ಅದು ಸುಮಾರು 175 ಮಂದಿಯನ್ನು ಮನೆಗೆ ಕಳುಹಿಸಿತು. ಮರುತಿಂಗಳು ಬಿಡುಗಡೆಯಾದ 'ಇನ್‌ಸೈಡ್ ಔಟ್ 2' ಸುಮಾರು 170 ಕೋಟಿ ಡಾಲರ್ ಗಳಿಸಿತು. ಉಚಿತ ಊಟಕ್ಕಿಂತ ಕೆಲಸದ ಭದ್ರತೆ ದೊಡ್ಡದು, ಅದಿಲ್ಲದಿದ್ದಲ್ಲಿ ಬೇರೆಡೆ ಹೋಗುವ ಸ್ವಾತಂತ್ರ್ಯವಾದರೂ ಇರಬೇಕು. ಎರಡನ್ನೂ ಕಿತ್ತುಕೊಂಡರೆ ನೌಕರನ ಬಳಿ ಉಳಿಯುವುದೇನು?

ಇದು ದೂರದ ಕಥೆಯೆಂದು ತಳ್ಳಿಹಾಕುವಂತಿಲ್ಲ. ಡ್ರೀಮ್‌ವರ್ಕ್ಸ್‌ಗೆಂದೇ ಟೆಕ್ನಿಕಲರ್ ಸಂಸ್ಥೆ 2008ರಲ್ಲಿ ಬೆಂಗಳೂರಿನಲ್ಲಿ ಪ್ರತ್ಯೇಕ ಘಟಕವನ್ನು ತೆರೆಯಿತು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಬಳಗ ಕುಸಿದಾಗ ನಮ್ಮ ನಗರದ ಸಾವಿರಾರು ಕಲಾವಿದರು ಒಮ್ಮೆಲೇ ಬೀದಿಗೆ ಬಂದರು. ಅಂಥ ದಿನ ಅವರ ಕೈಯಲ್ಲಿದ್ದ ಏಕೈಕ ಬಂಡವಾಳವೆಂದರೆ ಪಕ್ಕದ ಸ್ಟುಡಿಯೋದ ಬಾಗಿಲು ತಟ್ಟುವ ಹಕ್ಕು.

ಕಾನೂನಿನ ಮಾತು. ಕ್ಯಾಲಿಫೋರ್ನಿಯಾದಲ್ಲಿ ನೌಕರನು ಕೆಲಸ ಬಿಟ್ಟು ಪ್ರತಿಸ್ಪರ್ಧಿಯನ್ನು ಸೇರಬಾರದೆಂಬ ಕರಾರು ಹಿಂದಿನಿಂದಲೂ ಊರ್ಜಿತವಲ್ಲ. ನೌಕರನನ್ನು ಕಟ್ಟಿಹಾಕಲಾಗದ ಸ್ಟುಡಿಯೋಗಳು ತಮ್ಮನ್ನೇ ಪರಸ್ಪರ ಕಟ್ಟಿಕೊಂಡವು. ಅಲ್ಲಿನ ಆ ನಿಯಮ 1872ರ ನಾಗರಿಕ ಸಂಹಿತೆಯದು; ನಮ್ಮ ಕರಾರು ಕಾಯ್ದೆಯೂ 1872ರದು. ಅದರ 27ನೆಯ ಪ್ರಕರಣ, ಯಾರೇ ಆಗಲಿ ನ್ಯಾಯಸಮ್ಮತ ವೃತ್ತಿ, ವ್ಯಾಪಾರ ನಡೆಸದಂತೆ ತಡೆಯುವ ಕರಾರು ಅಷ್ಟರ ಮಟ್ಟಿಗೆ ಅನೂರ್ಜಿತವೆನ್ನುತ್ತದೆ. ಗುಡ್‌ವಿಲ್ ಮಾರಾಟಕ್ಕೆ ಮಾತ್ರ ವಿನಾಯಿತಿ. ಎರಡರ ಮೂಲವೂ ನ್ಯೂಯಾರ್ಕಿನ ಡೇವಿಡ್ ಡಡ್ಲಿ ಫೀಲ್ಡ್ ರಚಿಸಿದ ಕರಡು ಸಂಹಿತೆಯೇ. ಇದರ ಮೇಲೆ 2002ರ ಸ್ಪರ್ಧಾ ಕಾಯ್ದೆಯೂ ಇದೆ.

'ಎರಡು ವರ್ಷ ಕಲಿಸಿದ ಹುಡುಗ ಸಾವಿರ ರೂಪಾಯಿಯ ಆಸೆಗೆ ಪಕ್ಕದ ಶೆಡ್ಡಿಗೆ ಹೋದರೆ ನಮ್ಮ ಗತಿಯೇನು?' ಎಂಬುದು ಸಣ್ಣ ಉದ್ಯಮಿಯ ಅಳಲು, ಅದು ಸುಳ್ಳಲ್ಲ. ಇಪ್ಪತ್ತು ಜನರ ಘಟಕಕ್ಕೆ ಒಬ್ಬ ನುರಿತ ಡೈ ಮೇಕರ್ ಹೋದರೆ ಆ ತಿಂಗಳ ಆರ್ಡರೇ ತಪ್ಪೀತು. ಅದಕ್ಕೆ ಮುಚ್ಚುಮರೆಯಿಲ್ಲದ ಪರಿಹಾರವೊಂದಿದೆ. ತರಬೇತಿಗೆ ನಿಜವಾಗಿ ಖರ್ಚು ಮಾಡಿದ್ದರೆ, ಆ ಖರ್ಚಿಗೆ ತಕ್ಕ ಮೊತ್ತದ ಸೇವಾ ಬಾಂಡನ್ನು ನೇಮಕದ ದಿನವೇ ನೌಕರನಿಗೆ ಓದಿ ಹೇಳಿ ಬರೆಸಿಕೊಳ್ಳಿ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಿನಲ್ಲಿ ಎತ್ತಿಹಿಡಿದಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ತೀರ್ಪು ಬೇರೆಯಾಗಿತ್ತು. ಅದು ಸಾರ್ವಜನಿಕ ಬ್ಯಾಂಕಿನ ಪ್ರಕರಣವಾದ್ದರಿಂದ ಪ್ರತಿ ಶೆಡ್ಡಿಗೂ ಹಾಗೆಯೇ ಅನ್ವಯಿಸುತ್ತದೆಂದು ತಿಳಿಯಬಾರದು, ಮೊತ್ತ ಮಿತಿಮೀರಿದರೆ ನಿಲ್ಲದು. ಆದರೆ ಬಾಂಡಿಗೂ ಒಳಒಪ್ಪಂದಕ್ಕೂ ಇರುವ ಅಂತರ ದೊಡ್ಡದು. ಬಾಂಡಿಗೆ ನೌಕರನೇ ಸಹಿ ಹಾಕಿರುತ್ತಾನೆ, ಹೋಗುವ ಬೆಲೆ ಎಷ್ಟೆಂದು ಅವನಿಗೆ ಗೊತ್ತಿರುತ್ತದೆ.

ಇನ್ನೊಂದು ವಿಷಯ. ಅಮೆರಿಕದ ಸ್ಟುಡಿಯೋಗಳ ವಿರುದ್ಧ ಬಳಕೆಯಾದ ಸಾಕ್ಷ್ಯದಲ್ಲಿ ಹೆಚ್ಚಿನದು ಅವುಗಳ ಅಧಿಕಾರಿಗಳೇ ಒಬ್ಬರಿಗೊಬ್ಬರು ಬರೆದ ಇ-ಮೇಲ್‌ಗಳು. ನಮ್ಮಲ್ಲಿ ಈ ಮಾತು ಹಿಂದೆ ಚಹಾದ ಅಂಗಡಿಯಲ್ಲಿ ನಡೆದು ಅಲ್ಲಿಯೇ ಮುಗಿಯುತ್ತಿತ್ತು, ಈಗ ವಾಟ್ಸಾಪ್ ಗುಂಪುಗಳಲ್ಲಿ ದಿನಾಂಕ, ವೇಳೆ ಸಹಿತ ದಾಖಲಾಗುತ್ತಿದೆ. ಅಂಥ ಗುಂಪಿನಲ್ಲಿ ಸಂಬಳದ ಪಟ್ಟಿಯನ್ನೋ, ಬಿಟ್ಟುಹೋದವರ ಹೆಸರುಗಳನ್ನೋ ಹಂಚಿಕೊಂಡಿರುವ ಸದಸ್ಯರು ಅದನ್ನು ಇಂದೇ ನಿಲ್ಲಿಸಿ, ಅಳಿಸಿಹಾಕುವ ಆತುರಕ್ಕೆ ಬೀಳದೆ, ಮೊದಲು ತಮ್ಮ ವಕೀಲರಿಗೆ ತೋರಿಸುವುದು ಒಳಿತು.