ಲೆಕ್ಕದ ಉತ್ತರವೂ ಲೆಕ್ಕದ ದಾರಿಯೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಒಂದೆಡೆ ಸೇರಿದಾಗ ಲೆಕ್ಕದ ತರಗತಿಯ ಮಾತು ಬಾರದೆ ಇರುವುದಿಲ್ಲ. ಅವರಲ್ಲಿ ಅತ್ಯಂತ ಹಿರಿಯರು ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಎಂದು ಕಲಿತವರು. 1957ರಲ್ಲಿ ದಶಮಾಂಶ ನಾಣ್ಯಗಳು ಬಂದ ಮೇಲೆ ಓದಿದವರಿಗೆ ಆ ತೊಡಕು ತಪ್ಪಿತು. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಒಪ್ಪಿಸಲಾರದೆ ನಿಂತುಕೊಂಡೇ ಗಂಟೆ ಕಳೆದುದನ್ನು ನೆನೆದು ನಗುವವರೂ ಉಂಟು. ಇಂದಿನ ಬಾಲಿಕೆಯರಿಗೆ ಈ ಶ್ರಮಗಳಾವುವೂ ಇಲ್ಲ. ಲೆಕ್ಕವನ್ನು ತೋರಿಸಿದ ಮಾತ್ರಕ್ಕೆ ಉತ್ತರವನ್ನೂ ಅದರ ಹಂತಗಳನ್ನೂ ಬರೆದುಕೊಡುವ ಯಂತ್ರವು ಮನೆಯವರ ಕೈಯಲ್ಲಿಯೇ ಇದೆ. ಅದು ಇಲ್ಲದೆಡೆ ಬಿಡಿಸಿದ ಲೆಕ್ಕಗಳ ಗೈಡು ಅಂಗಡಿಯಲ್ಲಿ ದೊರೆಯುವುದು. ಇದನ್ನು ಕಂಡು ನಾವು ಕಾಲವನ್ನು ಹಳಿಯಲು ಹೊರಟಿಲ್ಲ. ಆದರೆ ಉತ್ತರ ಬಂದಿತೆಂಬುದೂ ಲೆಕ್ಕ ಬಂದಿತೆಂಬುದೂ ಒಂದೇ ಅಲ್ಲವೆಂಬ ಮಾತನ್ನು ಪೋಷಕರ ಮುಂದೆಯೂ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಇಡಬೇಕೆಂದು ಇಷ್ಟಪಡುತ್ತೇವೆ.

ನಮಗೆಲ್ಲ ಪರಿಚಿತವಾದ ಅಂಬಾಜಿದುರ್ಗವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಎತ್ತರ 4,399 ಅಡಿ. ಇದನ್ನು ಮೀಟರುಗಳಲ್ಲಿ ಹೇಳಿರೆಂದು ಕೇಳಿದರೆ, ಒಂದು ಮೀಟರಿಗೆ 3.28 ಅಡಿ ಎಂಬುದನ್ನು ಬಲ್ಲ ಹುಡುಗಿಯೂ ಕೆಲವು ವೇಳೆ ಭಾಗಿಸುವ ಬದಲು ಗುಣಿಸಿ, 14,429 ಮೀಟರು ಎಂದು ಬರೆದು, ಕೆಳಗೆ ಎರಡು ಗೆರೆಗಳನ್ನು ಎಳೆಯುವಳು. ಅವಳ ಗುಣಾಕಾರದಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ಆದರೆ ಎವರೆಸ್ಟ್ ಶಿಖರದ ಎತ್ತರವೇ 8,849 ಮೀಟರು! ದಿನವೂ ಕಾಣುವ ಬೆಟ್ಟವನ್ನು ಜಗತ್ತಿನ ಅತ್ಯುನ್ನತ ಶಿಖರಕ್ಕಿಂತ ಮೇಲೇರಿಸಿದರೂ ಅವಳಿಗೆ ಸಂದೇಹ ಹುಟ್ಟಲಿಲ್ಲ. ಮೀಟರು ಅಡಿಗಿಂತ ದೊಡ್ಡದು, ಆದುದರಿಂದ ಸಂಖ್ಯೆ ಚಿಕ್ಕದಾಗಬೇಕು ಎಂದು ಕ್ಷಣಕಾಲ ಯೋಚಿಸಿದ್ದರೆ 1,341 ಎಂಬ ಸರಿಯಾದ ಉತ್ತರ ತಾನಾಗಿ ದೊರೆಯುತ್ತಿತ್ತು.

ಶಿಡ್ಲಘಟ್ಟದ ಕಡೆಯ ಮನೆಗಳಿಂದ ಬರುವ ಮಕ್ಕಳಿಗೆ ರೇಷ್ಮೆಯ ಕಸುಬು ಹೊಸದಲ್ಲ. ಒಂದು ಕಿಲೋಗ್ರಾಂ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋಗ್ರಾಂ ಗೂಡು ಬೇಕೆಂಬ ಪ್ರಮಾಣವನ್ನು ನೂಲು ಬಿಚ್ಚುವವರು ರೆಂಡಿಟ್ಟ ಎಂದು ಕರೆಯುವರು. ರೆಂಡಿಟ್ಟ 7 ಆಗಿದ್ದರೆ 42 ಕಿಲೋಗ್ರಾಂ ಗೂಡಿನಿಂದ 6 ಕಿಲೋಗ್ರಾಂ ರೇಷ್ಮೆ ಬರುವುದು. ಇಲ್ಲಿಯೂ ಗುಣಿಸಿ 294 ಎಂದು ಬರೆದರೆ ಓದು ಬಾರದ ತಾಯಿಯೂ ನಗುವಳು. ಗೂಡಿಗಿಂತ ನೂಲು ಹೆಚ್ಚು ತೂಗುವುದುಂಟೆ? ತಾಯಿಗೆ ತಿಳಿದಿರುವ ಆ ಅಂದಾಜು ಮಗಳ ಪುಸ್ತಕದಲ್ಲಿ ಏಕೆ ಇರಬಾರದು?

ಇವು ಮಕ್ಕಳ ತಪ್ಪುಗಳೆಂದು ತಳ್ಳಿಬಿಡುವಂತಿಲ್ಲ. 1999ರಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಮಂಗಳಗ್ರಹಕ್ಕೆ ಕಳುಹಿಸಿದ್ದ ನೌಕೆಯೊಂದು ಆ ಗ್ರಹವನ್ನು ಮುಟ್ಟುವ ಹೊತ್ತಿಗೆ ನಾಶವಾಯಿತು. ಒಂದು ತಂಡದವರು ಪೌಂಡಿನ ಮಾನದಲ್ಲಿ ಕೊಟ್ಟ ಸಂಖ್ಯೆಗಳನ್ನು ಇನ್ನೊಂದು ತಂಡದವರು ನ್ಯೂಟನ್ನಿನ ಮಾನದವೆಂದು ತಿಳಿದುದೇ ಅದಕ್ಕೆ ಕಾರಣ. ಗಣನೆ ಮಾಡಿದ ಯಂತ್ರಗಳಲ್ಲಿ ದೋಷವಿರಲಿಲ್ಲ; ಸಂಖ್ಯೆಯ ಪಕ್ಕದಲ್ಲಿರಬೇಕಾದ ಮಾನವನ್ನು ಯಾರೂ ವಿಚಾರಿಸಲಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರಾಗಿ ಸೇವೆ ಸಲ್ಲಿಸಿದವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಔಷಧದ ಪ್ರಮಾಣದಲ್ಲಿ ದಶಮಾಂಶದ ಚುಕ್ಕೆ ಒಂದು ಸ್ಥಾನ ಸರಿದರೆ ರೋಗಿಗೆ ಹತ್ತು ಪಾಲು ಔಷಧ ಹೋಗುವುದೆಂಬುದನ್ನು ಅವರು ಬಲ್ಲರು.

ಇನ್ನು ಹಣದ ಲೆಕ್ಕ. ಬಡ್ಡಿಯ ಪಾಠವನ್ನು ನಮ್ಮ ಬಾಲಿಕೆಯರು ಸೂತ್ರವಾಗಿ ಚೆನ್ನಾಗಿ ಕಲಿಯುವರು. ಹತ್ತು ಸಾವಿರ ರೂಪಾಯಿ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ 1,200 ರೂಪಾಯಿ, ಒಟ್ಟು 11,200, ಹನ್ನೆರಡು ಕಂತಾದರೆ ತಿಂಗಳಿಗೆ 933 ರೂಪಾಯಿ 33 ಪೈಸೆ. ಉತ್ತರ ಸರಿ, ಅಂಕವೂ ಪೂರ್ಣ. ಆದರೆ ಇಂತಹ ಸಾಲವನ್ನೇ ಅವಳ ಮನೆಯವರು ತೆಗೆದುಕೊಂಡಿದ್ದರೆ ಅವಳು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಪ್ರತಿ ಕಂತಿನಲ್ಲಿಯೂ ಅಸಲಿನ ಒಂದು ಭಾಗ ತೀರುತ್ತ ಹೋಗುವುದಷ್ಟೆ? ಕಡೆಯ ತಿಂಗಳಲ್ಲಿ ಉಳಿದಿರುವ ಅಸಲು ಸುಮಾರು 833 ರೂಪಾಯಿ ಮಾತ್ರ. ಬಡ್ಡಿಯಾದರೋ ಆಗಲೂ ಹತ್ತು ಸಾವಿರದ ಮೇಲೆಯೇ ನಡೆದಿರುವುದು. ವರ್ಷವೆಲ್ಲ ಸರಾಸರಿ ನೋಡಿದರೆ ಸಾಲಗಾರರ ಬಳಿ ಇದ್ದ ಹಣ 5,417 ರೂಪಾಯಿ. ಅದಕ್ಕೆ 1,200 ರೂಪಾಯಿ ಬಡ್ಡಿಯೆಂದರೆ ನೂರಕ್ಕೆ ಸುಮಾರು 22. ಇಳಿಯುವ ಬಾಕಿಯ ಮೇಲೆ ತಿಂಗಳು ತಿಂಗಳಿಗೆ ಸೂಕ್ಷ್ಮವಾಗಿ ಕಟ್ಟಿ ನೋಡಿದರೂ ಸುಮಾರು 21.5 ಆಗುವುದು. ಬಾಯಲ್ಲಿ ಹೇಳಿದ್ದು ಹನ್ನೆರಡು, ಕೈಯಿಂದ ಹೋದದ್ದು ಸರಿಸುಮಾರು ಅದರ ಎರಡರಷ್ಟು! ಕಿರುಸಾಲದ ವಸೂಲಿಯಲ್ಲಿ ನಡೆಯುತ್ತಿದ್ದ ಬಲಾತ್ಕಾರವನ್ನು ತಡೆಯಲು ಕರ್ನಾಟಕ ಸರ್ಕಾರವು 2025ರಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಅಂತಹ ಕಾನೂನು ಸಾಲಗಾರರ ನೆರವಿಗೆ ಬರುವುದು ಕಷ್ಟ ಬಂದ ಮೇಲೆ; ಲೆಕ್ಕವು ನೆರವಿಗೆ ಬರುವುದು ಪತ್ರಕ್ಕೆ ರುಜು ಹಾಕುವುದಕ್ಕೆ ಮುಂಚೆ. ನಮ್ಮ ಶಾಲೆಯಲ್ಲಿ ಓದಿದ ಹೆಣ್ಣುಮಗಳ ಎದುರಿನಲ್ಲಿ ಅವಳ ತಾಯಿಯು ದರವನ್ನು ಅರಿಯದೆ ಹೆಬ್ಬೆಟ್ಟು ಒತ್ತುವಂತಾದರೆ ನಾವು ಕಲಿಸಿದ ಬಡ್ಡಿಯ ಪಾಠಕ್ಕೆ ಅರ್ಥವೇನು?

ಬಡ್ಡಿಯ ಲೆಕ್ಕ ಕನ್ನಡನಾಡಿಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಬಡ್ಡಿಯ ಲೆಕ್ಕಗಳು ಹೇರಳವಾಗಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿದನು. ಮಹಾವೀರಾಚಾರ್ಯನಂತಹ ಪಂಡಿತನೂ ಒಂದೆಡೆ ತಪ್ಪಿದನು: ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುವುದೆಂದು ಬರೆದನು. ಹನ್ನೆರಡನೆಯ ಶತಮಾನದಲ್ಲಿ ಭಾಸ್ಕರಾಚಾರ್ಯನು ಆ ಭಾಗಲಬ್ಧವನ್ನು ಖಹರವೆಂದು ಕರೆದು ಅನಂತವೆಂದನು. ಇಂದಿನ ಗಣಿತವು ಆ ಭಾಗಾಕಾರಕ್ಕೆ ಅರ್ಥವನ್ನೇ ಕೊಡುವುದಿಲ್ಲ. ಹಿಂದಿನವರು ತಾವು ತಿಳಿದುದನ್ನು ಮುಚ್ಚದೆ ಬರೆದುದರಿಂದಲೇ ಮುಂದಿನವರು ತಿದ್ದಲು ಸಾಧ್ಯವಾಯಿತು. ಗೈಡಿನಿಂದ ಇಳಿಸಿಕೊಂಡ ಶುದ್ಧವಾದ ಉತ್ತರದಲ್ಲಿ ಉಪಾಧ್ಯಾಯಿನಿಗೆ ತಿದ್ದಲು ಏನೂ ಸಿಕ್ಕದು. ಮಗು ಎಲ್ಲಿ ಎಡವುತ್ತದೆಂಬುದೂ ತಿಳಿಯದು.

ಪರೀಕ್ಷೆಯಲ್ಲಿ ಹೊತ್ತು ಸಾಲದು, ಅಂಕ ಮುಖ್ಯ, ಯಂತ್ರವು ತಪ್ಪುವುದಿಲ್ಲ ಎಂದು ಪೋಷಕರು ಹೇಳಬಹುದು. ಈ ಮಾತಿನಲ್ಲಿ ಸತ್ಯಾಂಶವಿದೆ. ಉದ್ದನೆಯ ಗುಣಾಕಾರಗಳಲ್ಲಿ ಮಕ್ಕಳ ಹೊತ್ತನ್ನು ಕಳೆಯಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿದರು. ಅದು ಅಸಾಧಾರಣ ಶಕ್ತಿ. ಅದನ್ನು ಎಲ್ಲರಿಂದಲೂ ನಿರೀಕ್ಷಿಸಲಾಗದು. ಗುಣಿಸುವುದನ್ನು ಯಂತ್ರವೇ ಮಾಡಲಿ. ಗುಣಿಸಬೇಕೆ ಭಾಗಿಸಬೇಕೆ, ಯಾವುದನ್ನು ಯಾವುದಕ್ಕೆ ಹೋಲಿಸಬೇಕು, ಬಂದ ಉತ್ತರವು ನಂಬತಕ್ಕದ್ದೆ ಎಂಬ ತೀರ್ಮಾನ ಮಾತ್ರ ಕಲಿಯುವವಳದು. ಯಂತ್ರವು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು. ತಪ್ಪಾಗಿ ಕೇಳಿದರೆ ಆ ತಪ್ಪು ಪ್ರಶ್ನೆಗೂ ಕೊಡುವುದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಪದಾರ್ಥವಿಜ್ಞಾನದ ಅಧ್ಯಾಪಕರಾಗಿ ಹೆಸರಾದ ಹೆಚ್. ನರಸಿಂಹಯ್ಯನವರು ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಜೀವಮಾನವೆಲ್ಲ ಬೋಧಿಸಿದರು. ಪುಸ್ತಕದ ಉತ್ತರವನ್ನೂ ಯಂತ್ರದ ಉತ್ತರವನ್ನೂ ಆ ನಿಯಮದಿಂದ ಬಿಡಬೇಕಾದ ಕಾರಣ ನಮಗೆ ಕಾಣದು.

ಆದುದರಿಂದ ನಮ್ಮ ಅರಿಕೆ ಮೂರು. ಲೆಕ್ಕವನ್ನು ಆರಂಭಿಸುವ ಮುನ್ನ ಉತ್ತರವು ಸುಮಾರು ಎಷ್ಟಿರಬಹುದು, ಯಾವ ಮಾನದಲ್ಲಿರಬೇಕು ಎಂಬುದನ್ನು ಪ್ರತಿಯೊಬ್ಬ ಬಾಲಿಕೆಯೂ ಒಂದು ಸಾಲಿನಲ್ಲಿ ಬರೆಯಲಿ. ತಪ್ಪಿದ ಲೆಕ್ಕವನ್ನು ಅಳಿಸದೆ, ಎಲ್ಲಿ ತಪ್ಪಿತೆಂಬುದನ್ನು ಅದರ ಪಕ್ಕದಲ್ಲಿಯೇ ಗುರುತಿಸಲಿ. ಅಂತಹ ಪುಟಗಳನ್ನು ಕಂಡು ಪೋಷಕರು ಮುನಿಯದಿರಲಿ. ಮೂರನೆಯದಾಗಿ, ಮನೆಯ ನಿಜವಾದ ಲೆಕ್ಕಗಳಲ್ಲಿ ಒಂದನ್ನು, ಡೈರಿಗೆ ಹಾಕಿದ ಹಾಲಿನದಾಗಲಿ, ವಿದ್ಯುತ್ ಬಿಲ್ಲಾಗಲಿ, ಸಾಲದ ಕಂತಿನ ಪುಸ್ತಕವಾಗಲಿ, ವಾರಕ್ಕೊಮ್ಮೆ ಮಗಳ ಕೈಗೆ ಕೊಟ್ಟು ನೋಡಿಸಲಿ. ಮನೆಯ ಸಾಲವನ್ನು ಹೆಣ್ಣುಮಕ್ಕಳಿಗೆ ತಿಳಿಸಬಾರದೆಂಬ ಸಂಕೋಚ ಕೆಲವು ಮನೆಗಳಲ್ಲಿ ಇನ್ನೂ ಇದೆ. ಆ ಸಂಕೋಚದ ನಷ್ಟವನ್ನು ಮುಂದೆ ತೆರಬೇಕಾದವರು ಆ ಮಕ್ಕಳೇ ಅಲ್ಲವೆ?

ಬ್ಯಾಂಕಿನಲ್ಲಿಯೂ ಆಸ್ಪತ್ರೆಯಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ದುಡಿದು ಬಲ್ಲ ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೊಂದು ಗಂಟೆ ಇಲ್ಲಿಗೆ ಬಂದು, ತಮ್ಮ ಕೆಲಸದಲ್ಲಿ ಎದುರಾದ ಒಂದು ಲೆಕ್ಕವನ್ನು ಇಂದಿನ ತಂಗಿಯರ ಮುಂದೆ ಬಿಡಿಸಿ ತೋರಿಸಿದರೆ ನಾವು ಕೃತಜ್ಞರಾಗಿರುವೆವು. ಬರುವಾಗ ತಾವು ಒಮ್ಮೆ ತಪ್ಪಿದ ಲೆಕ್ಕವನ್ನೂ ಜೊತೆಗೆ ತರಬೇಕೆಂದು ಕೋರುತ್ತೇವೆ.