ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಬೇಡ

ನಮ್ಮ ಹಳೇ ಕಾರಿನ ಪೆಟ್ರೋಲ್ ಟ್ಯಾಂಕು ಈ ಮಳೆಗಾಲದಲ್ಲಿ ಸೋರೋಕೆ ಶುರುವಾಯ್ತು. ಬೆಳಿಗ್ಗೆ ಎದ್ದರೆ ಕೊಟ್ಟಿಗೆ ತುಂಬಾ ವಾಸನೆ. ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ, ಸೋಪು ತಿಕ್ಕಿ ಮೇಲೆ ಅಂಟು ಮೆತ್ತಿದೆ. ಎಂಟು ದಿನ ತಡೀತು.

ಆಮೇಲೆ ಟ್ಯಾಂಕು ಇಳಿಸಿ ವೆಲ್ಡಿಂಗ್ ಅಂಗಡಿಗೆ ಒಯ್ದೆ. "ಖಾಲಿ ಐತಲ್ಲಣ್ಣ, ಏನೂ ಆಗಲ್ಲ, ಐದು ನಿಮಿಷ" ಅಂದ ಹುಡುಗ. ಮಾತಾಡದೆ ವಾಪಸ್ ತಂದೆ. ಖಾಲಿ ಟ್ಯಾಂಕೇ ಬಾಂಬು ಕಣ್ರಪ್ಪ! ಹೊತ್ತಿಕೊಳ್ಳೋದು ಪೆಟ್ರೋಲಿನ ಆವಿ. ಗಾಳಿಯಲ್ಲಿ ಅದು ಸುಮಾರು ಶೇ. 1.4ರಿಂದ 7.6ರಷ್ಟು ಬೆರೆತಿದ್ದರೆ ಒಂದು ಕಿಡಿ ಸಾಕು. ನೀರು ಹಾಕಿ ಗಲಬರಿಸಿ ಬಿಸಿಲಿಗಿಟ್ಟರೂ ನಂಬಬೇಡಿ. ತುಕ್ಕಿನ ಸಂದಿಯಲ್ಲಿ ಉಳಿದದ್ದು ಬಿಸಿ ತಾಗಿದ ಕೂಡಲೇ ಮತ್ತೆ ಆವಿಯಾಗುತ್ತೆ.

ಮನೆಗೆ ತಂದು ಸ್ಕ್ರೂಡ್ರೈವರಿನಿಂದ ಕೆರೆದು ನೋಡಿದೆ. ಒಂದು ತೂತಿದ್ದದ್ದು ಮೂರಾಯ್ತು. ತಗಡು ಒಳಗಿಂದಲೇ ತಿಂದು ಹೋಗಿತ್ತು. ಇಂಥದ್ದಕ್ಕೆ ತೇಪೆ ಹಾಕೋದು ದುಡ್ಡು ದಂಡ. ಹೊಸ ಟ್ಯಾಂಕೇ ಹಾಕಿಸಿದೆ, ಜೊತೆಗೆ ಬಿರುಕು ಬಿಟ್ಟ ರಬ್ಬರ್ ಪೈಪು, ಫಿಲ್ಟರೂ ಬದಲಾಯಿಸಿದೆ.

ತಪ್ಪು ನನ್ನದೂ ಇದೆ. ಗಾಡೀನ ಕಾಲು ಟ್ಯಾಂಕು ಪೆಟ್ರೋಲಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸ್ತಿದ್ದೆ. ಖಾಲಿ ಜಾಗದ ಗಾಳಿಯ ತೇವ ತಗಡಿಗೆ ಹನಿಯಾಗಿ ಕೂರುತ್ತೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೇರೆ (ನಮ್ಮ ಕಬ್ಬಿನಿಂದಲೂ ಬರೋದೇ, ಬೈಯೋ ಹಾಗಿಲ್ಲ), ಅದು ನೀರು ಎಳ್ಕೊಳ್ಳುತ್ತೆ. ಮಳೆಗಾಲದಲ್ಲಿ ನಿಲ್ಲಿಸೋದಾದ್ರೆ ಟ್ಯಾಂಕು ತುಂಬಿಸಿ ನಿಲ್ಲಿಸಿ, ಆಗಾಗ ಓಡಿಸಿ.

ಹಳೇದನ್ನ ಗುಜರಿಯವನಿಗೆ ಕೊಟ್ಟೆ. ಗ್ಯಾಸ್ ಕಟರ್ ಹಚ್ಚಬೇಡ ಮಾರಾಯ ಅಂತ ಎರಡು ಸಲ ಹೇಳಿಯೇ ಕಳಿಸಿದ್ದೀನಿ.