ಕಪ್ ಗೆದ್ದ ರೆಗೆನ್ಸ್‌ಬುರ್ಗ್ ಮೇಲೇರಲಿಲ್ಲ

2024ರ ಏಪ್ರಿಲ್‌ನಲ್ಲಿ ಜರ್ಮನಿಯ ಔಗ್ಸ್‌ಬುರ್ಗ್ ಊರಿನ ಐಸ್ ಹಾಕಿ ಅಭಿಮಾನಿಗಳು ತಮ್ಮದಲ್ಲದ ಒಂದು ತಂಡ ಗೆಲ್ಲಲಿ ಎಂದು ಉಸಿರು ಬಿಗಿಹಿಡಿದು ಕೂತಿದ್ದರು. ಅವರ ಸ್ವಂತ ತಂಡದ ಆಟ ಮುಗಿದು ವಾರಗಳೇ ಆಗಿದ್ದವು. ಡಿಇಎಲ್ ಎಂದು ಕರೆಯುವ ಜರ್ಮನಿಯ ಮೊದಲ ದರ್ಜೆ ಲೀಗ್‌ನ 14 ತಂಡಗಳಲ್ಲಿ ಔಗ್ಸ್‌ಬುರ್ಗ್ ಪ್ಯಾಂಥರ್ಸ್‌ಗೆ ಸಿಕ್ಕಿದ್ದು ಕಟ್ಟಕಡೆಯ ಸ್ಥಾನ. ಕೊನೆಗೆ ಬಂದವರು ಎರಡನೇ ದರ್ಜೆಗೆ ಇಳಿಯಬೇಕು. ಆದರೆ ಅವರು ಇಳಿಯಬೇಕಾದರೆ ಕೆಳಗಿನಿಂದ ಒಬ್ಬರು ಹತ್ತಬೇಕು. ಆ ಕೆಳಗಿನ ಲೀಗ್, ಅಂದರೆ ಡಿಇಎಲ್-2ರ ಫೈನಲ್‌ನಲ್ಲಿ ಎದುರುಬದುರಾಗಿದ್ದವು ಕಾಸೆಲ್ ಹಸ್ಕೀಸ್ ಮತ್ತು ಐಸ್‌ಬೇರೆನ್ ರೆಗೆನ್ಸ್‌ಬುರ್ಗ್. ಬಡ್ತಿ ಬೇಕೆಂದು ಕಾಸೆಲ್ ಮೊದಲೇ ಅರ್ಜಿ ಹಾಕಿತ್ತು, ರೆಗೆನ್ಸ್‌ಬುರ್ಗ್ ಹಾಕಿರಲಿಲ್ಲ. ಕಾಸೆಲ್ ಗೆದ್ದರೆ ಔಗ್ಸ್‌ಬುರ್ಗ್ ಕೆಳಕ್ಕೆ. ರೆಗೆನ್ಸ್‌ಬುರ್ಗ್ ಗೆದ್ದರೆ ಯಾರೂ ಹತ್ತುವುದಿಲ್ಲ, ಯಾರೂ ಇಳಿಯುವುದಿಲ್ಲ. ಗೆದ್ದದ್ದು ರೆಗೆನ್ಸ್‌ಬುರ್ಗ್.

ಔಗ್ಸ್‌ಬುರ್ಗ್‌ಗೆ ಇದು ಎರಡನೇ ಸಲದ ಬದುಕು. ಹಿಂದಿನ ವರ್ಷವೂ ಆ ತಂಡ ಅಂಕಪಟ್ಟಿಯಲ್ಲಿ ಇಳಿಯುವ ಜಾಗದಲ್ಲೇ ಇತ್ತು. ಆಗ ಎರಡನೇ ದರ್ಜೆಯ ಫೈನಲ್ ಆಡಿದ ರಾವೆನ್ಸ್‌ಬುರ್ಗ್ ಮತ್ತು ಬಾಡ್ ನೌಹೈಮ್ ಎರಡೂ ಬಡ್ತಿ ಬಯಸಿದ ತಂಡಗಳಾಗಿರಲಿಲ್ಲ. ಪ್ರಶಸ್ತಿ ಗೆದ್ದ ರಾವೆನ್ಸ್‌ಬುರ್ಗ್ ಇದ್ದಲ್ಲೇ ಉಳಿಯಿತು, ಔಗ್ಸ್‌ಬುರ್ಗ್ ಬದುಕಿಕೊಂಡಿತು. ಎರಡು ವರ್ಷ ಸತತ ಹೀಗಾದಾಗ ಇದೆಂಥ ಲೀಗ್, ಗೆದ್ದವನಿಗೆ ಮೇಲೆ ಹೋಗುವ ಮನಸ್ಸಿಲ್ಲದಿದ್ದರೆ ಆಡಿದ್ದಾದರೂ ಯಾಕೆ ಎಂದು ಕೇಳುವುದು ಸಹಜ. ನನಗೆ ಹಾಗನಿಸುವುದಿಲ್ಲ. ಅರ್ಜಿ ಹಾಕದ ರೆಗೆನ್ಸ್‌ಬುರ್ಗ್ ಮಾಡಿದ್ದು ಸರಿ ಎಂದೇ ನನ್ನ ನಂಬಿಕೆ. ಸರಿಯಿಲ್ಲದ್ದು ಬೇರೆಡೆ ಇದೆ.

ಡಿಇಎಲ್-2ರ ಒಂದು ಋತು ಎಂದರೆ ಏನೆಂದು ಮೊದಲು ನೋಡೋಣ. ಸೆಪ್ಟೆಂಬರ್ ನಡುವೆ ಶುರುವಾದರೆ ಏಪ್ರಿಲ್ ಕೊನೆಯವರೆಗೂ ನಡೆಯುತ್ತದೆ. 14 ತಂಡ, ಒಂದೊಂದು ತಂಡಕ್ಕೂ 52 ಪಂದ್ಯ, ಹೆಚ್ಚಾಗಿ ಶುಕ್ರವಾರ ಮತ್ತು ಭಾನುವಾರ. ವಿಮಾನದಲ್ಲಿ ಓಡಾಡುವಷ್ಟು ದುಡ್ಡು ಇಲ್ಲಿಲ್ಲ, ಪ್ರಯಾಣವೆಲ್ಲ ಬಸ್ಸಿನಲ್ಲೇ. ಸ್ವಿಟ್ಜರ್ಲೆಂಡ್ ಗಡಿಗೆ ಹತ್ತಿರದ ಫ್ರೈಬುರ್ಗ್‌ನಿಂದ ಪೋಲೆಂಡ್ ಗಡಿ ಸಮೀಪದ ವೈಸ್‌ವಾಸರ್‌ಗೆ ಏಳೆಂಟುನೂರು ಕಿಲೋಮೀಟರ್. ಹೋಗಿ ಅರವತ್ತು ನಿಮಿಷ ಆಡಿ, ಮೈ ಒರೆಸಿಕೊಂಡು ಅದೇ ರಾತ್ರಿ ಬಸ್ ಹತ್ತಬೇಕು. 52 ಪಂದ್ಯಗಳಾದ ಮೇಲೆ ಮೊದಲ ಆರು ತಂಡಗಳು ನೇರವಾಗಿ ಕ್ವಾರ್ಟರ್ ಫೈನಲ್‌ಗೆ. ಏಳರಿಂದ ಹತ್ತನೇ ಸ್ಥಾನದವರು ಉಳಿದ ಎರಡು ಜಾಗಕ್ಕೆ ತಮ್ಮೊಳಗೇ ಹೋರಾಡುತ್ತಾರೆ. ಕೊನೆಯ ನಾಲ್ಕು ತಂಡಗಳಿಗೆ ಪ್ಲೇ-ಡೌನ್. ಅಲ್ಲಿ ಸೋಲುತ್ತ ಹೋದವರು ಮೂರನೇ ದರ್ಜೆಯಾದ ಓಬರ್‌ಲೀಗಕ್ಕೆ ಬೀಳುತ್ತಾರೆ.

ಕ್ವಾರ್ಟರ್ ಫೈನಲ್‌ನಿಂದ ಶುರುವಾಗುವ ಪ್ಲೇ-ಆಫ್ ಬಂತೆಂದರೆ ಆಟದ ಮುಖವೇ ಬೇರೆ. ಏಳು ಪಂದ್ಯಗಳಲ್ಲಿ ನಾಲ್ಕು ಗೆದ್ದವರು ಮುಂದಕ್ಕೆ. ಅದೇ ಎದುರಾಳಿ, ಅದೇ ಮುಖಗಳು, ದಿನ ಬಿಟ್ಟು ದಿನ. ಮೊದಲ ಪಂದ್ಯದಲ್ಲಿ ಮೊಣಕೈ ತಾಗಿಸಿದವನನ್ನು ಮೂರನೇ ಪಂದ್ಯದವರೆಗೂ ಯಾರೂ ಮರೆಯುವುದಿಲ್ಲ. ಆಡುವ ಪಕ್ ಒಂದು ಅಂಗುಲ ದಪ್ಪದ, ಸುಮಾರು 170 ಗ್ರಾಂ ತೂಕದ ರಬ್ಬರ್ ಬಿಲ್ಲೆ. ಪಂದ್ಯಕ್ಕೆ ಮುಂಚೆ ಅದನ್ನು ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡುತ್ತಾರೆ, ಬೆಚ್ಚಗಿನ ರಬ್ಬರ್ ಮಂಜಿನ ಮೇಲೆ ಜಾರದೆ ಪುಟಿಯುತ್ತದೆ. ಆಟಗಾರ ಒಮ್ಮೆ ಕಣಕ್ಕಿಳಿದರೆ ಮುಕ್ಕಾಲು ನಿಮಿಷದ ಆಚೀಚೆ ಮೈಯೆಲ್ಲ ಹಿಂಡಿ ಆಡಿ ಬೇಲಿ ಹಾರಿ ಬೆಂಚಿಗೆ ಮರಳುತ್ತಾನೆ, ಇನ್ನೊಬ್ಬ ಹಾರಿ ಒಳಗಿಳಿಯುತ್ತಾನೆ. ಅರವತ್ತು ನಿಮಿಷಕ್ಕೂ ಸಮವಾಗಿದ್ದರೆ ಒಂದು ಗೋಲು ಬೀಳುವವರೆಗೂ ಆಟ. ಗೋಲು ಬಿದ್ದ ಕ್ಷಣವೇ ಮುಗಿಯಿತು, ಸರಿಪಡಿಸಿಕೊಳ್ಳಲು ಒಂದು ಸೆಕೆಂಡೂ ಉಳಿಯುವುದಿಲ್ಲ. ಸರಣಿ ಮುಗಿದಾಗ ಎರಡೂ ತಂಡಗಳು ಸಾಲುಗಟ್ಟಿ ಒಬ್ಬೊಬ್ಬರಿಗೂ ಕೈ ಕುಲುಕುತ್ತವೆ. ಎರಡು ವಾರ ಒಬ್ಬರನ್ನೊಬ್ಬರು ಹಲಗೆಗೆ ಅಪ್ಪಳಿಸಿದವರು ನಿಂತು ಕಣ್ಣು ನೋಡಿ ಎರಡು ಮಾತಾಡಿ ಮುಂದೆ ಸಾಗುತ್ತಾರೆ. ಬೇರೆ ಯಾವ ಆಟದಲ್ಲೂ ಸೋಲು ಗೆಲುವುಗಳು ಇಷ್ಟು ಹತ್ತಿರದಿಂದ ಮುಖಾಮುಖಿಯಾಗುವುದನ್ನು ನಾನು ಕಂಡಿಲ್ಲ.

ಇಂಥ ಪ್ಲೇ-ಆಫ್ ಗೆದ್ದು ಬಂದದ್ದು ರೆಗೆನ್ಸ್‌ಬುರ್ಗ್. ಡ್ಯಾನ್ಯೂಬ್ ದಡದ ಹಳೆಯ ಊರು, ಹನ್ನೆರಡನೇ ಶತಮಾನದ ಕಲ್ಲಿನ ಸೇತುವೆಗೆ ಹೆಸರಾದದ್ದು. ಅಲ್ಲಿನ ಡೊನೌ ಅರೆನಾದಲ್ಲಿ ಐದು ಸಾವಿರದೊಳಗಿನ ಜನಕ್ಕೆ ಜಾಗ. ಈ ತಂಡ 2022ರಲ್ಲಷ್ಟೇ ಮೂರನೇ ದರ್ಜೆಯಿಂದ ಮೇಲೆ ಬಂದಿತ್ತು. ಎರಡೇ ವರ್ಷದಲ್ಲಿ ಎರಡನೇ ದರ್ಜೆಯ ಚಾಂಪಿಯನ್. ಎರಡೂ ಸಲ ಕೋಚ್ ಆಗಿದ್ದವರು ಮ್ಯಾಕ್ಸ್ ಕಾಲ್ಟೆನ್‌ಹೌಸರ್. ಮುಂದೆ ಮ್ಯೂನಿಕ್‌ನ ದೊಡ್ಡ ಕ್ಲಬ್ ಅವರನ್ನು ಕರೆದುಕೊಂಡಿತು. ತಂಡ ಏರಲಿಲ್ಲ, ಕೋಚ್ ಏರಿದರು.

ಯಾಕೆ ಅರ್ಜಿ ಹಾಕಲಿಲ್ಲ ಎಂಬುದಕ್ಕೆ ನಿಯಮಗಳನ್ನು ನೋಡಿದರೆ ಸಾಕು. ಮೊದಲ ದರ್ಜೆಗೆ ಹೋಗಬಯಸುವ ಕ್ಲಬ್ ಎಂಟು ಲಕ್ಷ ಯುರೋಗೂ ಮೀರಿದ ಭದ್ರತಾ ಠೇವಣಿಯ ಖಾತರಿ ತೋರಿಸಬೇಕು. ಅದೂ ಗೆದ್ದ ಮೇಲಲ್ಲ, ಗೆಲ್ಲುತ್ತೇವೋ ಇಲ್ಲವೋ ಗೊತ್ತಾಗುವ ಮೊದಲೇ. ಜೊತೆಗೆ ಕ್ರೀಡಾಂಗಣಕ್ಕೊಂದು ಪರೀಕ್ಷೆ. ಆಸನವೆಷ್ಟು, ವಿಐಪಿ ಜಾಗವೆಷ್ಟು, ವಿಡಿಯೊ ಫಲಕ ಹೇಗಿದೆ ಎಂದೆಲ್ಲ ಎಣಿಸಿ ಒಟ್ಟು 9000 ಅಂಕ ಗಳಿಸಬೇಕು. ಎರಡು ವರ್ಷದ ಹಿಂದೆ ಮೂರನೇ ದರ್ಜೆಯಲ್ಲಿದ್ದ ಕ್ಲಬ್ ಇವನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡು ಹೊರಟರೆ ಏನಾಗಬಹುದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಬೀಟಿಗ್‌ಹೈಮ್ ತಂಡ 2021ರಲ್ಲಿ ಡಿಇಎಲ್-2 ಗೆದ್ದು ಮೇಲೇರಿತು. 2023ರಲ್ಲಿ ಔಗ್ಸ್‌ಬುರ್ಗ್‌ಗಿಂತಲೂ ಕೆಳಗೆ ಬಂದು ಇಳಿಯಿತು, 2024ರಲ್ಲಿ ಇನ್ನೂ ಒಂದು ದರ್ಜೆ ಕೆಳಗೆ ಹೋಯಿತು. ಮೂರು ವರ್ಷದಲ್ಲಿ ಮೇಲಿನ ಹಂತದಿಂದ ಮೂರನೇ ಹಂತಕ್ಕೆ. ಊರಿನ ಶಾಲಾ ಮಕ್ಕಳಿಗೆ ಸ್ಕೇಟಿಂಗ್ ಕಲಿಸುವ, ಹದಿನೈದು ವರ್ಷದ ಹುಡುಗರ ತಂಡ ನಡೆಸುವ ಕ್ಲಬ್‌ಗೆ ನಾಳೆ ಬಾಗಿಲು ಮುಚ್ಚದೆ ಉಳಿಯುವುದೂ ಒಂದು ಹೊಣೆ. ಆ ಹೊಣೆಯನ್ನು ಅರಿತವರನ್ನು ಹೇಡಿಗಳೆನ್ನುವುದು ತಪ್ಪು.

ಆದರೆ ಕಾಸೆಲ್‌ನ ಮಾತು ಬಂದಾಗ ನನ್ನ ಮನಸ್ಸು ಭಾರವಾಗುತ್ತದೆ. 1994ರಲ್ಲಿ ಡಿಇಎಲ್ ಹುಟ್ಟಿದಾಗ ಕಾಸೆಲ್ ಅದರ ಸ್ಥಾಪಕ ತಂಡಗಳಲ್ಲೊಂದು. 1997ರಲ್ಲಿ ರನ್ನರ್-ಅಪ್ ಕೂಡ. 2010ರಲ್ಲಿ ದಿವಾಳಿಯಾಗಿ ಲೀಗ್‌ನಿಂದ ಹೊರಬಿತ್ತು. ಒಂದು ರಾಜ್ಯದೊಳಗಿನ ಸಣ್ಣ ಲೀಗ್‌ನಿಂದ ಮತ್ತೆ ಶುರು ಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ 2014ರಲ್ಲಿ ಎರಡನೇ ದರ್ಜೆಗೆ ಬಂತು. 2016ರಲ್ಲಿ ಅಲ್ಲಿನ ಕಪ್ ಗೆದ್ದಿತು. ಆಗ ಮೇಲಿನ ಬಾಗಿಲಿಗೆ ಬೀಗ ಹಾಕಿತ್ತು. 2021ರಲ್ಲಿ ಬೀಗ ತೆಗೆದ ಮೊದಲ ವರ್ಷವೇ ಅಂಕಪಟ್ಟಿಯಲ್ಲಿ ಮೊದಲ ಸ್ಥಾನ, ಫೈನಲ್‌ನಲ್ಲಿ ಬೀಟಿಗ್‌ಹೈಮ್ ಎದುರು ಸೋಲು. 2023ರಲ್ಲಿ ಮತ್ತೆ ಅಂಕಪಟ್ಟಿಯ ತುದಿ, ಮತ್ತೆ ಪ್ಲೇ-ಆಫ್‌ನಲ್ಲಿ ಸೋಲು. 2024ರಲ್ಲಿ ಮೂರನೇ ಸಲ ತುದಿ, ಫೈನಲ್‌ನಲ್ಲಿ ರೆಗೆನ್ಸ್‌ಬುರ್ಗ್ ಅಡ್ಡ ಬಂತು. ಗೆದ್ದಾಗ ದಾರಿಯಿರಲಿಲ್ಲ, ದಾರಿಯಾದಾಗ ಗೆಲುವು ಸಿಗಲಿಲ್ಲ. 52 ಪಂದ್ಯಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದ ತಂಡದ ಹಣೆಬರಹ ಒಂದೇ ಸರಣಿಯಲ್ಲಿ ತೀರ್ಮಾನವಾಗುತ್ತದೆ. ಇದು ಆಟದ ನಿಯಮ, ದೂರುವಂತಿಲ್ಲ.

ಆ ಬೀಗದ ವಿಷಯ ದೂರುವಂಥದ್ದೇ. 2006ರ ಹೊತ್ತಿಗೆ ನಿಯಮಿತ ಬಡ್ತಿ ಹಿಂಬಡ್ತಿ ನಿಂತುಹೋಯಿತು. ಬಡ್ತಿ ಮತ್ತೆ ಬಂದದ್ದು 2020-21ರ ಋತುವಿಗೆ. ನಡುವಿನ ವರ್ಷಗಳಲ್ಲಿ ಮೇಲೆ ಹೋಗಲು ಹೆಚ್ಚಾಗಿ ಇದ್ದ ದಾರಿ ಎಂದರೆ, ಮೇಲಿನವರ ಲೈಸೆನ್ಸ್ ಖಾಲಿಯಾಗಬೇಕು, ಅದು ಸಿಗಬೇಕು. ಇದಕ್ಕೆ ಲಾಂಡ್ಸ್‌ಹೂಟ್‌ನ ಕಥೆಗಿಂತ ಸ್ಪಷ್ಟ ಉದಾಹರಣೆ ಇಲ್ಲ. ಬವೇರಿಯಾದ ಈ ಊರು 1970 ಮತ್ತು 1983ರಲ್ಲಿ ಜರ್ಮನಿಯ ಚಾಂಪಿಯನ್. ಎರಿಕ್ ಕ್ಯುನ್‌ಹಾಕ್ಲ್‌ನಂಥ ಆಟಗಾರನನ್ನು ಬೆಳೆಸಿದ್ದು. ಅವರ ಮಗ ಟಾಮ್ 2016, 2017ರಲ್ಲಿ ಪಿಟ್ಸ್‌ಬರ್ಗ್ ಪರ ಸ್ಟ್ಯಾನ್ಲಿ ಕಪ್ ಗೆದ್ದದ್ದೂ ಇದೇ ಊರಿನ ಹೆಮ್ಮೆ. 1999ರಲ್ಲಿ ದುಡ್ಡಿಲ್ಲದೆ ಕ್ಲಬ್‌ನ ಡಿಇಎಲ್ ಲೈಸೆನ್ಸ್ ಒಂದು ಅಮೆರಿಕನ್ ಕಂಪನಿಗೆ ಮಾರಾಟವಾಯಿತು. ಅದು ಮ್ಯೂನಿಕ್‌ಗೆ ಹೋಗಿ ಮ್ಯೂನಿಕ್ ಬ್ಯಾರನ್ಸ್ ಆಯಿತು, ಮರುವರ್ಷವೇ ಚಾಂಪಿಯನ್ ಕೂಡ ಆಯಿತು. 2002ರಲ್ಲಿ ಅದೇ ಲೈಸೆನ್ಸ್ ಉತ್ತರಕ್ಕೆ ಹೊರಟು ಹ್ಯಾಂಬರ್ಗ್ ಫ್ರೀಜರ್ಸ್ ಆಯಿತು. 2016ರಲ್ಲಿ ಮಾಲೀಕರು ಕೈಬಿಟ್ಟಾಗ ಬ್ರೆಮರ್‌ಹಾಫೆನ್ ಬಂದರಿನ ಪಾಲಾಯಿತು. ಸಾಮಾನ್ಯವಾಗಿ ಮನೆ ಮಾರಿದವನು ಊರು ಬಿಡುತ್ತಾನೆ. ಇಲ್ಲಿ ಜನ ಊರಲ್ಲೇ ಉಳಿದರು, ಮನೆಯೇ ಊರು ಬಿಟ್ಟಿತು. ಬ್ರೆಮರ್‌ಹಾಫೆನ್ ಆ ಅವಕಾಶವನ್ನು ಹಾಳು ಮಾಡಲಿಲ್ಲ. 2024ರಲ್ಲಿ ಡಿಇಎಲ್ ಅಂಕಪಟ್ಟಿಯಲ್ಲಿ ಮೊದಲು ಬಂದು ಬರ್ಲಿನ್ ಎದುರು ಫೈನಲ್ ಆಡಿತು. ಎರಡನೇ ದರ್ಜೆಯಲ್ಲಿ ಬೆಳೆದ ತಂಡಕ್ಕೆ ಎಷ್ಟು ಕಸುವಿರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಲಾಂಡ್ಸ್‌ಹೂಟ್ ಮಾತ್ರ ಇಂದಿಗೂ ಎರಡನೇ ದರ್ಜೆಯಲ್ಲೇ ಆಡುತ್ತಿದೆ.

ಈ ಲೀಗ್ ಯಾರಿಗಾಗಿ ಎಂದು ಕೇಳುವವರಿಗೆ ನಾನು ತೋರಿಸುವ ಊರು ವೈಸ್‌ವಾಸರ್. ಗಾಜಿನ ಕಾರ್ಖಾನೆಗಳಿಂದ ಬೆಳೆದು, ಆಮೇಲೆ ಸುತ್ತಲಿನ ಕಂದು ಕಲ್ಲಿದ್ದಲು ಗಣಿಗಳನ್ನೂ ನೆಚ್ಚಿದ ಊರು. ಪೂರ್ವ ಜರ್ಮನಿಯ ಕಾಲದಲ್ಲಿ ಇಲ್ಲಿನ ಡೈನಮೊ ತಂಡ 25 ಸಲ ದೇಶದ ಚಾಂಪಿಯನ್. ಒಲಿಂಪಿಕ್ ಪದಕ ತರುವ ಆಟಗಳಿಗೆ ಮಾತ್ರ ಹಣ ಎಂದು ಸರ್ಕಾರ ತೀರ್ಮಾನಿಸಿದ ಮೇಲೆ, 1970ರಿಂದ ಬರ್ಲಿನ್ ಗೋಡೆ ಬೀಳುವವರೆಗೂ ಇಡೀ ದೇಶದ ಮೇಲ್ದರ್ಜೆ ಲೀಗ್‌ನಲ್ಲಿ ಉಳಿದದ್ದು ಎರಡೇ ತಂಡ, ಬರ್ಲಿನ್ ಮತ್ತು ವೈಸ್‌ವಾಸರ್. ವರ್ಷಾನುಗಟ್ಟಲೆ ಅವೇ ಎರಡು ತಂಡಗಳು ಮತ್ತೆ ಮತ್ತೆ ಆಡಿ ಚಾಂಪಿಯನ್ ಯಾರೆಂದು ನಿರ್ಧರಿಸಿದವು. ಜರ್ಮನಿ ಒಂದಾದ ಮೇಲೆ ಕಾರ್ಖಾನೆಗಳು ಮುಚ್ಚಿದವು, ಕಲಿತ ಹುಡುಗ ಹುಡುಗಿಯರು ಪಶ್ಚಿಮಕ್ಕೆ ಹೋದರು. 35 ಸಾವಿರ ದಾಟಿದ್ದ ಜನಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು. ಅಂಥ ಊರು 2013ರಲ್ಲಿ ಮೂರು ಸಾವಿರ ಜನ ಹಿಡಿಸುವ ಹೊಸ ಅರೆನಾ ತೆರೆಯಿತು. ತುಂಬಿದ ಪಂದ್ಯದ ದಿನ ಊರಿನ ಐದನೇ ಒಂದು ಪಾಲಿಗೆ ಸಮನಾದಷ್ಟು ಜನ ಒಂದೇ ಸೂರಿನಡಿ ಇರುತ್ತಾರೆ. ತಂಡದ ಹೆಸರು ಲೌಸಿಟ್ಸರ್ ಫುಕ್ಸೆ. ಆ ಊರಿಗೆ ಮೊದಲ ದರ್ಜೆ ಸಿಗದಿದ್ದರೂ ಪರವಾಗಿಲ್ಲ, ಶುಕ್ರವಾರದ ಪಂದ್ಯ ತಪ್ಪಬಾರದು. ಕಲ್ಲಿದ್ದಲನ್ನು 2038ರೊಳಗೆ ಜರ್ಮನಿ ಪೂರ್ತಿ ಬಿಡಲಿದೆ. ಆಮೇಲೆ ಅಲ್ಲಿ ಜನ ಒಟ್ಟುಗೂಡಲು ಏನು ಉಳಿಯುತ್ತದೆ ಎಂದು ಯೋಚಿಸಿದಾಗ ನನ್ನ ಕಣ್ಣಿಗೆ ಬೀಳುವುದು ಆ ಅರೆನಾ.

ಕ್ರಿಮ್ಮಿಚೌ ಕೂಡ ಅಂಥದ್ದೇ ಸಣ್ಣ ಊರು, ವೈಸ್‌ವಾಸರ್‌ನಂತೆ ಸ್ಯಾಕ್ಸನಿ ರಾಜ್ಯದ್ದೇ. 1903ರಲ್ಲಿ ಹತ್ತು ಗಂಟೆಯ ಕೆಲಸದ ದಿನಕ್ಕಾಗಿ ಜವಳಿ ಕಾರ್ಮಿಕರು ತಿಂಗಳುಗಟ್ಟಲೆ ಮುಷ್ಕರ ಹೂಡಿದ್ದ ಊರದು. ಇವತ್ತು ಹದಿನೆಂಟು ಸಾವಿರದಷ್ಟು ಜನ, ಅವರಿಗೊಂದು ವೃತ್ತಿಪರ ಹಾಕಿ ತಂಡ.

ಬಾಗಿಲು ತೆರೆದಿಟ್ಟರೆ ಏನಾಗುತ್ತದೆ ಎಂಬುದನ್ನು 2025 ತೋರಿಸಿತು. ಅರ್ಜಿ ಹಾಕಿದ್ದ ಡ್ರೆಸ್ಡೆನ್ ಫೈನಲ್‌ನಲ್ಲಿ ರಾವೆನ್ಸ್‌ಬುರ್ಗ್ ತಂಡವನ್ನು ಸೋಲಿಸಿ ಮೊದಲ ದರ್ಜೆಗೆ ಏರಿತು. ಇಳಿದದ್ದು ಎಂಟು ಸಲ ಜರ್ಮನ್ ಚಾಂಪಿಯನ್ ಆಗಿದ್ದ, ಹತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಅರೆನಾ ಇರುವ ಡ್ಯುಸೆಲ್‌ಡಾರ್ಫ್. 9000 ಅಂಕದ ಪರೀಕ್ಷೆಯಲ್ಲಿ ಡ್ಯುಸೆಲ್‌ಡಾರ್ಫ್‌ಗೆ ಯಾವ ತೊಂದರೆಯೂ ಇರಲಾರದು. ಆದರೂ ಕೆಳಗೆ ಹೋಯಿತು, ಯಾಕೆಂದರೆ ಮಂಜಿನ ಮೇಲೆ ಸೋತಿತು. ಹಾಗೆ ಸೋತವರು ಇಳಿಯುವುದಾದರೆ, ಗೆದ್ದವರನ್ನು ವಿಐಪಿ ಕೋಣೆಗಳ ಲೆಕ್ಕ ತಡೆಯಬಾರದು.

ಹಣದ ಖಾತರಿ ಕೇಳುವುದು ನ್ಯಾಯ. ಕಾಸೆಲ್ 2010ರಲ್ಲಿ ಕುಸಿದದ್ದನ್ನು ಕಂಡ ಯಾವ ಲೀಗ್ ಆದರೂ ಅದನ್ನು ಕೇಳಲೇಬೇಕು. ಕ್ರೀಡಾಂಗಣದ ಅಂಕಗಳನ್ನು ಮಾತ್ರ ಮೇಲೇರುವ ಮುಂಚೆಯೇ ಒಪ್ಪಿಸಬೇಕೆಂಬ ಷರತ್ತನ್ನು ಸಡಿಲಿಸಲಿ. ಏರಿದ ತಂಡಕ್ಕೆ ಎರಡು ಮೂರು ವರ್ಷ ಸಮಯ ಕೊಡಲಿ, ಮೇಲ್ದರ್ಜೆಯ ಟಿಕೆಟ್ ಮತ್ತು ಪ್ರಸಾರದ ಹಣ ಬಂದ ಮೇಲೆ ಆಸನ ಕಟ್ಟಿಕೊಳ್ಳಲಿ. ಠೇವಣಿಯನ್ನು ಫೈನಲ್ ಮುಗಿದ ಮೇಲೆ ಕಟ್ಟುವ ವ್ಯವಸ್ಥೆಯೂ ಕಷ್ಟದ್ದಲ್ಲ. ಆಗಲೂ ಬೇಡವೆನ್ನುವ ಹಕ್ಕು ರೆಗೆನ್ಸ್‌ಬುರ್ಗ್‌ನಂಥ ಕ್ಲಬ್‌ಗೆ ಇರಲಿ. ಅದನ್ನು ಋತು ಮುಗಿದ ಮೇಲೆ ಕಪ್ ಕೈಯಲ್ಲಿ ಹಿಡಿದು ಲೆಕ್ಕ ಹಾಕಿ ಹೇಳಲಿ, ಆಟ ನಡೆಯುತ್ತಿರುವಾಗಲೇ ಅರ್ಜಿಯ ಗಡುವಿಗೆ ಹೆದರಿ ಹೇಳುವಂತಾಗಬಾರದು. ಔಗ್ಸ್‌ಬುರ್ಗ್‌ನವರಿಗೂ ಆಗ ಬೇರೆಯವರ ಅರ್ಜಿ ನೋಡಿಕೊಂಡು ಯಾರನ್ನು ಬೆಂಬಲಿಸಬೇಕೆಂದು ಆರಿಸುವ ಪಾಡು ಬರುವುದಿಲ್ಲ.